ಕುಂಟಲಕೆರೆಯ ತೇಲುವ ಬೇಲಿ

ರಾಫಿಯಾ ಮೊದಲ ಸಲ ದೋಣಿಯಲ್ಲಿ ಕುಳಿತಾಗ ಅವಳಿಗೆ ಐವತ್ತೊಂದು ವರ್ಷ ಕಳೆದಿತ್ತು. ಹುಟ್ಟಿದ್ದು ಬೆಳುವಾಯಿಯಲ್ಲಿ, ಮದುವೆಯಾಗಿ ಬಂದದ್ದು ಮೂಡುಬಿದಿರೆಯ ದಾರಿಯಲ್ಲಿ ಒಳಗೆ ತಿರುಗಿದರೆ ಸಿಗುವ ಕುಂಟಲಕೆರೆಯ ದಂಡೆಗೆ. ಹಿಂಬಾಗಿಲು ತೆರೆದರೆ ನೀರು ಕಾಣುವ ಮನೆ. ಆದರೂ ಮೂವತ್ತು ವರ್ಷ ಅವಳ ಪಾಲಿಗೆ ಕೆರೆ ಎಂದರೆ ಬಟ್ಟೆ ಒಗೆಯುವ ಎರಡು ಕಲ್ಲು ಮಾತ್ರ. ಉಳಿದ ಹೊತ್ತೆಲ್ಲ ಗೆರಸೆಯನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದಳು.

ನೀರಿನ ಮನುಷ್ಯ ಎಂದರೆ ಅವಳ ಗಂಡ ಸುಲೈಮಾನ್. ದುಬೈಯಲ್ಲಿ ಕಡಲು ಊರೊಳಗೆ ಚಾಚಿದ ಖಾಡಿಯಲ್ಲಿ ಈ ದಡದಿಂದ ಆ ದಡಕ್ಕೆ ಜನ ದಾಟಿಸುವ ಮರದ ದೋಣಿಯನ್ನು ಇಪ್ಪತ್ತೆರಡು ವರ್ಷ ನಡೆಸಿದವನು. ಊರಿಗೆ ಬಂದ ಮೇಲೆ ಸುಮ್ಮನೆ ಕೂರಲಾರದೆ ಪಂಚಾಯತಿನಿಂದ ಕೆರೆಯ ಬೋಟಿಂಗ್ ಗುತ್ತಿಗೆ ಹಿಡಿದ. ನಾಲ್ಕು ಪೆಡಲ್ ಬೋಟು, ಹುಟ್ಟು ಹಾಕುವ ಒಂದು ಸಣ್ಣ ದೋಣಿ, ಕಿತ್ತಳೆ ಬಣ್ಣದ ಲೈಫ್ ಜಾಕೆಟುಗಳ ಒಂದು ರಾಶಿ. ಮಳೆ ನಿಂತು ನೀರು ತಿಳಿಯಾಗುವ ನವೆಂಬರಿನಿಂದ ಫೆಬ್ರವರಿಯ ತನಕ ಅಲ್ಲಿ ಜನವೋ ಜನ. ಮಿಜಾರಿನ ಕಾಲೇಜು ಮಕ್ಕಳು, ನಾರಾವಿ ಕಡೆಯ ಶಾಲೆಗಳ ಪ್ರವಾಸ, ಭಾನುವಾರ ಸಂಸಾರ ಸಮೇತ ಬರುವವರು.

ಎರಡು ಚಳಿಗಾಲ ಹೀಗೆ ಕಳೆಯಿತು. ಮೂರನೆಯದಕ್ಕೆ ಮೊದಲು, ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಸುಲೈಮಾನ್ ಬಾವಿಕಟ್ಟೆಯ ಬಳಿ ಕುಸಿದ. ಪಾರ್ಶ್ವವಾಯು. ಆಸ್ಪತ್ರೆಯಿಂದ ಬರುವಾಗ ಬಲಗೈ ಆಡುತ್ತಿರಲಿಲ್ಲ, ಬಲಗಾಲು ಎಳೆಯುತ್ತಿತ್ತು, ಮಾತು ನಾಲ್ಕೈದು ಪದಕ್ಕೆ ಇಳಿದಿತ್ತು. ಬೋಟುಗಳು ದಂಡೆಯ ಮೇಲೆ ಕವುಚಿ ಬಿದ್ದಿದ್ದವು. ಅವನು ಹಿಂಬಾಗಿಲಲ್ಲಿ ಕುಳಿತು ಅವನ್ನೇ ನೋಡುತ್ತಿದ್ದ.

ಪಂಚಾಯತು ಮೆಂಬರ್ ಅಶೋಕ್, ಗುತ್ತಿಗೆಯನ್ನು ಬೇರೆಯವರಿಗೆ ಕೊಡಬೇಕಾದೀತು ಎಂದು ಹೇಳಲು ಬಂದಿದ್ದ. ಕೆಟ್ಟ ಮನುಷ್ಯನಲ್ಲ, ಹೇಳುವ ಮೊದಲು ಎರಡು ಲೋಟ ನೀರು ಕುಡಿದ. ರಾಫಿಯಾ ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡಳು.

"ಕೊಡುವುದು ಬೇಡ. ನಾನು ನೋಡಿಕೊಳ್ತೇನೆ," ಎಂದಳು.

"ನೀವಾ ರಾಫಿಯಾಕ್ಕ? ನಿಮಗೆ ದೋಣಿ ಬಿಡಲಿಕ್ಕೆ ಬರ್ತದಾ?"

"ಇಲ್ಲ. ಇವರಿಗೆ ಬರ್ತದಲ್ಲ, ಕಲಿಸ್ತಾರೆ."

ಸುಲೈಮಾನ್ ತಲೆಯೆತ್ತಿ ಅವಳನ್ನು ನೋಡಿದ. ಮರುದಿನದಿಂದ ಅವನು ದಂಡೆಯ ಕಲ್ಲಿನ ಮೇಲೆ ಕುಳಿತು ಎಡಗೈಯಲ್ಲಿ ಗಾಳಿಗೆ ಹುಟ್ಟು ಹಾಕುತ್ತಿದ್ದ. ಅವಳು ಬುರ್ಖಾದ ತೋಳು ಮಡಚಿ, ನೀರಿನಲ್ಲಿ ಅದನ್ನೇ ಮಾಡುತ್ತಿದ್ದಳು. ದೋಣಿ ಸುತ್ತಿ ಸುತ್ತಿ ಇದ್ದಲ್ಲಿಗೇ ಬರುತ್ತಿತ್ತು. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು, ಕೆಲವರು ನಕ್ಕರು. ಬಂಟ್ವಾಳದಲ್ಲಿರುವ ಮಗಳು ಶಮ್ನಾ ಫೋನಿನಲ್ಲಿ, "ಉಮ್ಮ, ಈ ಪ್ರಾಯದಲ್ಲಿ ನಿಮಗೆ ಎಂತಕ್ಕೆ ಇದು?" ಎಂದು ಬೇಸರಪಟ್ಟಳು. ಹನ್ನೆರಡನೆಯ ದಿನ ದೋಣಿ ನೆಟ್ಟಗೆ ಹೋಯಿತು.

ಬೋಟಿಂಗ್ ಶುರುವಾಗುವುದು ಒಂಬತ್ತು ಗಂಟೆಗೆ. ಅದಕ್ಕೂ ಮೊದಲು, ನೀರಿನ ಮೇಲೆ ಇನ್ನೂ ಮಂಜು ಇರುವಾಗಲೇ, ರಾಫಿಯಾ ಗಂಡನನ್ನು ಸಣ್ಣ ದೋಣಿಯಲ್ಲಿ ಕೂರಿಸಿಕೊಂಡು ಕೆರೆ ಸುತ್ತುತ್ತಿದ್ದಳು. ಹಿಂದಿನ ದಿನ ಬಂದವರು ಎಸೆದ ಚಿಪ್ಸಿನ ಪೊಟ್ಟಣ, ನೀರಿನ ಬಾಟಲಿ, ಐಸ್‌ಕ್ರೀಮಿನ ಕಪ್ಪು. ಅವಳು ಹುಟ್ಟು ಹಾಕುವುದು, ಅವನು ಎಡಗೈಯಲ್ಲಿ ಬಲೆಯ ಕೋಲು ಹಿಡಿದು ಬಾಚುವುದು. ಆ ಒಂದು ಗಂಟೆ ಅವರಿಬ್ಬರಿಗೆ ಮಾತಿನ ಅಗತ್ಯ ಬೀಳುತ್ತಿರಲಿಲ್ಲ. ಮಾತಿಲ್ಲದ್ದು ಕೊರತೆ ಅನ್ನಿಸದ ಒಂದೇ ಹೊತ್ತು ಅದು ಎಂದು ರಾಫಿಯಾಗೆ ಅನ್ನಿಸುತ್ತಿತ್ತು.

ಎರಡು ವರ್ಷ ಹೀಗೆ ನಡೆದ ಮೇಲೆ, ಒಂದು ಡಿಸೆಂಬರಿನ ಬೆಳಿಗ್ಗೆ ಕೆರೆಯ ಪಡು ಮೂಲೆಯ ಜಂಬುಹುಲ್ಲಿನ ಹತ್ತಿರ ಕೊಳೆತ ಪಾಚಿಯ ಗುಡ್ಡೆಯೊಂದು ಕಂಡಿತು. ಸುಲೈಮಾನನ ಕೈ ದಣಿದಿತ್ತು. ರಾಫಿಯಾ ತಾನೇ ಬಲೆ ಹಾಕಿ ಎಳೆದಳು. ಗುಡ್ಡೆ ಅರ್ಧ ಅಡಿ ಸರಿದು, ಮೇಲಿನ ಪಾಚಿ ಜಾರಿ ಬಿತ್ತು. ಕೆಳಗೆ ಮೂರು ಮೊಟ್ಟೆಗಳಿದ್ದವು. ಕೆಸರಿನ ಬಣ್ಣ ಹತ್ತಿದ, ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡ ಮೊಟ್ಟೆಗಳು. ಆಚೆ ಒಂದು ಹಕ್ಕಿ ನೀರಿನಿಂದ ತಲೆ ಎತ್ತಿ, ಅವರನ್ನು ನೋಡಿ, ಸದ್ದಿಲ್ಲದೆ ಮುಳುಗಿತು.

ಅವಳು ಪಾಚಿಯನ್ನು ಮೊದಲಿನಂತೆ ಮುಚ್ಚಿದಳು. ಬೆರಳಿಗೆ ಮೊಟ್ಟೆಯ ಬಿಸಿ ತಾಗಿತು.

ಮಿಜಾರಿನ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವ ಶುಭಶ್ರೀ ಟೀಚರ್ ಭಾನುವಾರಗಳಲ್ಲಿ ದುರ್ಬೀನು ಹಿಡಿದು ಆ ಕೆರೆಗೆ ಬರುವವರು. ಫೋನು ಮಾಡಿದ ದಿನವೇ ಬಂದು, ದೂರದಿಂದಲೇ ನೋಡಿದರು.

"ಇದು ಗುಳುಮುಳುಕ. ತೇಲುವ ಗೂಡು ಇದರದ್ದು. ಹೊರಗೆ ಹೋಗುವಾಗ ಮೊಟ್ಟೆಗೆ ಪಾಚಿ ಹೊದಿಸಿ ಹೋಗ್ತದೆ, ಯಾರಿಗೂ ಕಾಣಬಾರದು ಅಂತ."

"ನಾನು ಎಳೆದುಬಿಟ್ಟೆ ಟೀಚರ್. ಇನ್ನು ಅದು ಬರ್ತದಾ?"

"ನೋಡುವ. ಮುಟ್ಟಲಿಕ್ಕೆ ಮಾತ್ರ ಹೋಗಬೇಡಿ."

ಅರ್ಧ ಗಂಟೆಯ ಮೇಲೆ ಹಕ್ಕಿ ಗೂಡು ಹತ್ತಿ ಕುಳಿತಿತು. ರಾಫಿಯಾ ದುರ್ಬೀನನ್ನು ಟೀಚರಿಗೆ ಹಿಂದೆ ಕೊಡುವುದನ್ನೇ ಮರೆತು ನೋಡುತ್ತ ನಿಂತಳು.

ಅದೇ ವಾರ ಅಶೋಕ್ ಬಂದ. ಡಿಸೆಂಬರ್ ರಜೆಯಲ್ಲಿ ಮೂರು ದಿನ ಚಳಿಗಾಲದ ಕೆರೆ ಉತ್ಸವ, ಕಡಲ ಕಡೆಯಿಂದ ಮೋಟಾರು ಬೋಟು ಬರುತ್ತದೆ ಎಂದ. ನಮ್ಮ ಕೆರೆಗೂ ಒಂದು ಹೆಸರು ಬರಬೇಕು ಎಂಬುದು ಅವನ ಆಸೆ. ರಾಫಿಯಾ, "ಒಂದು ಹತ್ತು ನಿಮಿಷ ದೋಣಿಯಲ್ಲಿ ಬನ್ನಿ," ಎಂದಳು.

ಅಶೋಕ್ ಹತ್ತಿದ. ಹತ್ತಿದವನು ಎರಡೂ ಬದಿಯನ್ನು ಬಿಗಿಯಾಗಿ ಹಿಡಿದುಕೊಂಡ, ಮುಖ ಬೆವರಿತು. ಈ ಕೆರೆಯ ಉತ್ಸವ ಮಾಡುವ ಮನುಷ್ಯ ನೀರಿಗೆ ಹೆದರುತ್ತಾನೆ ಎಂಬುದು ರಾಫಿಯಾಗೆ ಆಗ ಗೊತ್ತಾಯಿತು. ಅವಳು ಹುಟ್ಟನ್ನು ಇನ್ನಷ್ಟು ಮೆಲ್ಲಗೆ ಹಾಕಿದಳು. ಪಡು ಮೂಲೆಗೆ ದೂರದಲ್ಲೇ ದೋಣಿ ನಿಲ್ಲಿಸಿ ತೋರಿಸಿದಳು. ಹಕ್ಕಿ ಎದ್ದು, ಕೊಕ್ಕಿನಿಂದ ನಾಲ್ಕು ಎಳೆ ಪಾಚಿ ಮೊಟ್ಟೆಗಳ ಮೇಲೆ ಎಳೆದು, ನೀರಿಗಿಳಿಯಿತು.

"ಮಗುವಿಗೆ ಹೊದಿಸಿದ ಹಾಗೆ ಮಾಡಿತಲ್ಲ ಮಾರಾಯ್ತಿ," ಎಂದ ಅಶೋಕ್. ದೋಣಿಯ ಬದಿಯಿಂದ ಕೈ ತೆಗೆಯದೆಯೇ ಮುಂದುವರಿಸಿದ: "ಆದರೆ ಅಕ್ಕ, ಬೋಟಿನ ವಿಷಯ ಕಾಗದದಲ್ಲಿ ಅಚ್ಚಾಗಿ ಹಂಚಿ ಆಗಿದೆ. ಈಗ ಬೇಡ ಅಂತ ಹೇಳಲಿಕ್ಕೆ ನನ್ನಿಂದ ಆಗುವುದಿಲ್ಲ. ಈ ಮೂಲೆಗೆ ಬರಬಾರದು ಅಂತ ಹೇಳ್ತೇನೆ, ಅಷ್ಟು ಮಾಡ್ತೇನೆ."

ಬೋಟು ಬಾರದಿದ್ದರೂ ಅಲೆ ಬರುತ್ತದಲ್ಲ ಎಂದು ಅವಳಿಗೆ ಚಿಂತೆ ಹತ್ತಿತು. ಸಂಜೆ ಹಿತ್ತಿಲಲ್ಲಿ ಬಟ್ಟೆ ನೆನೆಸಲು ದೊಡ್ಡ ಬೇಸಿನ್ನಿಗೆ ನೀರು ತುಂಬಿಸುತ್ತ ಅದನ್ನೇ ಗಂಡನ ಹತ್ತಿರ ಹೇಳಿಕೊಂಡಳು. ಸುಲೈಮಾನ್ ಬೇಸಿನ್ನನ್ನು ತನ್ನತ್ತ ಎಳೆಯುವಂತೆ ಸನ್ನೆ ಮಾಡಿದ. ಒಂದು ಒಣ ಎಲೆ ಹೆಕ್ಕಿ ನೀರಿನ ಮೇಲಿಟ್ಟು, ಆಚೆ ಬದಿಯಲ್ಲಿ ಅಂಗೈಯಿಂದ ಬಡಿದ. ಎಲೆ ಕುಣಿದು ಮಗುಚಿತು. ಮತ್ತೆ ಎಲೆಯನ್ನು ಸರಿಮಾಡಿ, ಮಧ್ಯಕ್ಕೆ ಅಡ್ಡಲಾಗಿ ಒಂದು ಕಟ್ಟಿಗೆ ತೇಲಿಸಿ ಬಡಿದ. ಅಲೆ ಕಟ್ಟಿಗೆಗೆ ತಾಗಿ ಒಡೆಯಿತು. ಎಲೆ ಸ್ವಲ್ಪ ಅಲುಗಿತು, ಮಗುಚಲಿಲ್ಲ. ಅವನು ಎರಡು ಬೆರಳೆತ್ತಿದ.

"ಎರಡು ಸಾಲು ಬೇಕಾ?"

ಅವನು ತಲೆಯಾಡಿಸಿದ. ಇಪ್ಪತ್ತೆರಡು ವರ್ಷ ಖಾಡಿಯ ಅಲೆ ನೋಡಿದ ಮನುಷ್ಯ. ಕಾಯಿಲೆ ಬಿದ್ದ ಮೇಲೆ ಅವನ ಕಣ್ಣಲ್ಲಿ ಅಷ್ಟು ಹುರುಪನ್ನು ರಾಫಿಯಾ ಕಂಡಿರಲಿಲ್ಲ.

ನೆರೆಯವರ ತೋಟದಲ್ಲಿ ಗೊನೆ ಕಡಿದ ಬಾಳೆಯ ದಿಂಡುಗಳು ಬಿದ್ದಿದ್ದವು. ಕೇಳಿದಾಗ, ಎಷ್ಟು ಬೇಕಾದರೂ ಹೊತ್ತುಕೊಂಡು ಹೋಗಿ ಎಂದರು. ಬಿದಿರಿನ ಗಳುವಿಗೆ ದಿಂಡುಗಳನ್ನು ಪೋಣಿಸಿ, ಹುರಿಹಗ್ಗದಲ್ಲಿ ಬಿಗಿದು, ಕಲ್ಲು ತುಂಬಿದ ಗೋಣಿಚೀಲ ಕಟ್ಟಿ ಇಳಿಬಿಟ್ಟರೆ ಗೂಡಿನ ಮುಂದೆ ತೇಲುವ ಬೇಲಿ ಸಿದ್ಧ, ಅದು ಇದ್ದಲ್ಲಿಂದ ತೇಲಿಹೋಗುವುದಿಲ್ಲ. ಗಂಟು ಹಾಕುವುದು ಸುಲೈಮಾನನ ಕೆಲಸ. ಹಗ್ಗದ ಒಂದು ತುದಿ ಅವನ ಎಡಗೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. ಅವನು ಕಣ್ಣಲ್ಲಿ ತೋರಿಸಿದ ಕಡೆ ಅವಳು ಸುತ್ತಿ ಎಳೆಯುವುದು. ಬೀಡಿಗೆ ನೂಲು ಸುತ್ತಿದ ಬೆರಳುಗಳಿಗೆ ಆ ಕೆಲಸ ಬೇಗ ಹಿಡಿಯಿತು. ವಾರದ ಕೊನೆಗೆ ಶಮ್ನಾ ಬಂದವಳು ಮೊದಲು ಗದರಿದಳು. ಆಮೇಲೆ ತನ್ನ ಉಪ್ಪ ಗಂಟಿನ ಮೇಲೆ ಗಂಟು ಹಾಕುವುದನ್ನು ನೋಡಿ, ತಾನೂ ಸೆರಗು ಸಿಕ್ಕಿಸಿ ದಿಂಡು ಹೊತ್ತಳು. ಉತ್ಸವಕ್ಕೆ ಎರಡು ದಿನ ಇರುವಾಗ ಬೇಲಿ ನೀರಿಗಿಳಿಯಿತು.

ಮೊದಲ ದಿನ ಏನೂ ಆಗಲಿಲ್ಲ. ಮೋಟಾರು ಬೋಟು ಮೂಡು ಬದಿಯಲ್ಲಿ ಅಬ್ಬರಿಸುತ್ತ ತಿರುಗಿತು. ಜನ ಕೂಗಿದರು, ಬಾತುಗಳ ಹಿಂಡು ಎದ್ದು ಎತ್ತಲೋ ಹಾರಿಹೋಯಿತು. ಅಲೆಗಳು ಬಂದು ಬೇಲಿಗೆ ಬಡಿದು ಒಡೆದವು. ಒಳಗೆ ನೀರು ಮೆಲ್ಲಗೆ ತೂಗುತ್ತಿತ್ತು, ಗುಳುಮುಳುಕ ಗೂಡಿನಲ್ಲೇ ಕುಳಿತಿತ್ತು. ನೀರಿನ ಮೇಲೆ ಎಣ್ಣೆಯ ಬಣ್ಣಬಣ್ಣದ ಪರೆ ಮಾತ್ರ ಸಂಜೆಯಾದರೂ ಹೋಗಲಿಲ್ಲ.

ಎರಡನೆಯ ದಿನ ಮಧ್ಯಾಹ್ನ, ಬೋಟಿನಲ್ಲಿದ್ದವರ ಹುರುಪಿಗೆ ಚಾಲಕ ಕೆರೆಯ ನಡುವಿಗೆ ಬಂದು ಒಮ್ಮೆಲೇ ತಿರುಗಿಸಿದ. ಎದ್ದ ಅಲೆಗೆ ಹೊರಸಾಲಿನ ಒಂದು ಗಳು ಮುರಿಯಿತು. ಮತ್ತೊಂದಕ್ಕೆ ಒಳಸಾಲಿನ ಹಗ್ಗ ಕಳಚಿತು. ಬೇಲಿಯಲ್ಲಿ ದೋಣಿಯುದ್ದದ ಬಾಗಿಲು ತೆರೆದಂತಾಯಿತು.

ರಾಫಿಯಾ ಲೈಫ್ ಜಾಕೆಟು ಹಂಚುವುದನ್ನು ಬಿಟ್ಟು ಓಡಿದಳು. ಸುಲೈಮಾನ್ ಆಗಲೇ ಕಾಲೆಳೆಯುತ್ತ ದೋಣಿಯ ಹತ್ತಿರ ತಲುಪಿದ್ದ. ಅವನನ್ನು ಹತ್ತಿಸಿ, ಹುಟ್ಟು ಹಾಕಿ, ತೆರೆದ ಜಾಗಕ್ಕೆ ದೋಣಿಯನ್ನು ಅಡ್ಡ ನಿಲ್ಲಿಸಿದಳು. ಒಂದು ಬದಿಯ ಬಿದಿರನ್ನು ಅವನು ಹಿಡಿದ, ಇನ್ನೊಂದು ಬದಿಯದನ್ನು ಅವಳು. ಅಲೆ ಬಂದಾಗೆಲ್ಲ ದೋಣಿ ಎದ್ದು ಬಿದ್ದು, ನೀರು ಒಳಗೆ ಹಾರುತ್ತಿತ್ತು. ದಂಡೆಯಿಂದ ಜನ ಬೊಟ್ಟು ಮಾಡಿ ತೋರಿಸುತ್ತಿದ್ದರು. ಅವಳಿಗೆ ಯಾರೂ ಕಾಣುತ್ತಿರಲಿಲ್ಲ. ಗಂಡನ ಎಡಗೈಯ ನರಗಳು ಉಬ್ಬಿದ್ದು ಮಾತ್ರ ಕಾಣುತ್ತಿತ್ತು.

ಮೈಕಿನಲ್ಲಿ ಅಶೋಕನ ದನಿ ಕೇಳಿತು: "ಬೋಟಿನವರು ದಯವಿಟ್ಟು ಎಂಜಿನ್ ನಿಲ್ಲಿಸಬೇಕು. ಈಗಲೇ ನಿಲ್ಲಿಸಬೇಕು." ಸದ್ದು ಅಡಗಿತು. ಸ್ವಲ್ಪ ಹೊತ್ತಿನಲ್ಲಿ ಒಂದು ಪೆಡಲ್ ಬೋಟು ಅತ್ತಿತ್ತ ಓಲಾಡುತ್ತ ಬಂತು. ಅಶೋಕ್ ಒಬ್ಬನೇ, ಒಂದರ ಮೇಲೊಂದು ಎರಡು ಲೈಫ್ ಜಾಕೆಟು ತೊಟ್ಟು, ತೊಡೆಯ ಮೇಲೆ ಹಗ್ಗದ ಸುರುಳಿ ಇಟ್ಟುಕೊಂಡು ತುಳಿಯುತ್ತಿದ್ದ. ಮೂವರೂ ಸೇರಿ ಬೇಲಿಯನ್ನು ಮತ್ತೆ ಕಟ್ಟುವಾಗ ಅವನ ತುಟಿ ಬಿಳಚಿತ್ತು.

"ನಾಳೆ ಬೋಟು ಇಲ್ಲ ಅಕ್ಕ. ಕೇಳಿದವರಿಗೆ ಎಂಜಿನ್ ಕೆಟ್ಟಿದೆ ಅಂತ ಹೇಳುವ."

"ಕೆಟ್ಟಿದೆ ಅಂತ ಯಾಕೆ ಹೇಳ್ಬೇಕು? ಮೊಟ್ಟೆ ಉಂಟು ಅಂತಲೇ ಹೇಳಿ."

ಅವನು ಹಾಗೆಯೇ ಹೇಳಿದ. ಕೆಲವರು ಗೊಣಗಿ ಹಿಂದೆ ಹೋದರು. ಉಳಿದವರು ಶುಭಶ್ರೀ ಟೀಚರ ದುರ್ಬೀನಿಗೆ ಸಾಲು ನಿಂತರು.

ಜನವರಿಯ ಮೊದಲ ವಾರದಲ್ಲಿ ಎರಡು ಮೊಟ್ಟೆ ಒಡೆದವು. ಪಟ್ಟೆ ಪಟ್ಟೆಯ, ಹೆಬ್ಬೆರಳಿನಷ್ಟು ಮರಿಗಳು ತಾಯಿಯ ಬೆನ್ನಿನ ರೆಕ್ಕೆಯೊಳಗಿಂದ ತಲೆ ಹೊರಗೆ ಹಾಕಿ ಕೆರೆ ನೋಡಿದವು. ಸುಲೈಮಾನ್ ಮಗುವಿನಂತೆ ನಕ್ಕ. ಮೂರನೆಯ ಮೊಟ್ಟೆ ಒಡೆಯಲೇ ಇಲ್ಲ.

"ನಾನು ಬಲೆ ಹಾಕಿ ಎಳೆದದ್ದಕ್ಕಾ ಟೀಚರ್?"

"ಹೇಳಲಿಕ್ಕೆ ಆಗುವುದಿಲ್ಲ ರಾಫಿಯಾಕ್ಕ," ಎಂದರು ಶುಭಶ್ರೀ. ಅಲ್ಲ ಎಂದು ಸುಳ್ಳು ಹೇಳದಿದ್ದುದಕ್ಕೆ ರಾಫಿಯಾಗೆ ಅವರ ಮೇಲೆ ಗೌರವ ಹೆಚ್ಚಿತು. ನೋವು ಮಾತ್ರ ಉಳಿಯಿತು.

ಮರುವರ್ಷ ಪಂಚಾಯತು ಪಡು ಬದಿಯ ಅರ್ಧ ಕೆರೆಗೆ ಯಾವ ಬೋಟೂ ಹೋಗಬಾರದು ಎಂದು ಬೋರ್ಡು ಹಾಕಿತು. ಮೋಟಾರು ಬೋಟು ಮತ್ತೆ ಬರಲಿಲ್ಲ. ಜನ ಸ್ವಲ್ಪ ಕಡಿಮೆಯಾದದ್ದೂ ನಿಜ. ಬಾಳೆದಿಂಡು ಕೊಳೆಯುವುದರಿಂದ ಪ್ರತಿ ನವೆಂಬರಿನಲ್ಲಿ ಬೇಲಿ ಹೊಸದಾಗಿ ಕಟ್ಟಬೇಕು. ಈಗ ಅದಕ್ಕೆ ಕಾಲೇಜಿನ ಹುಡುಗಿಯರೂ ಬರುತ್ತಾರೆ, ಸುಲೈಮಾನ್ ಅವರಿಗೂ ಗಂಟು ಕಲಿಸುತ್ತಾನೆ.

ಕಳೆದ ಚಳಿಗಾಲದಲ್ಲಿ ಶುಭಶ್ರೀ ಟೀಚರ್ ಅವರಿಬ್ಬರನ್ನೂ ಮಿಜಾರಿಗೆ, ತಮ್ಮ ತರಗತಿಗೆ ಕರೆದರು. ರಾಫಿಯಾ ನಡೆದದ್ದನ್ನು ಹತ್ತು ನಿಮಿಷದಲ್ಲಿ ಹೇಳಿ ಮುಗಿಸಿ, ಬೆವರು ಒರೆಸಿಕೊಂಡಳು. ಮುಂದಿನ ಬೆಂಚಿನ ಒಬ್ಬಳು ಹುಡುಗಿ ಎದ್ದು ಕೇಳಿದಳು.

"ಅಷ್ಟು ಅಲೆಯಲ್ಲಿ ದೋಣಿ ಅಡ್ಡ ಹಿಡಿದಾಗ ನಿಮಗೆ ಹೆದರಿಕೆ ಆಗಲಿಲ್ವಾ?"

"ಆಯ್ತು. ನನಗೆ ಈಜಲಿಕ್ಕೆ ಬರುವುದಿಲ್ಲ ಮಗಾ. ಜಾಕೆಟು ಹಾಕಲಿಕ್ಕೂ ಮರೆತಿದ್ದೆ," ಎಂದಳು ರಾಫಿಯಾ. ಆಮೇಲೆ ಪಕ್ಕದ ಕುರ್ಚಿಯತ್ತ ನೋಡಿ, "ಆದರೆ ಇವರು ಇದ್ದರಲ್ಲ, ದೋಣಿಯಲ್ಲಿ," ಎಂದಳು.

ಒಂದು ಕೈ ಆಡದ ಮನುಷ್ಯ ನಿಮ್ಮನ್ನು ಹೇಗೆ ಉಳಿಸುತ್ತಿದ್ದರು ಎಂದು ಯಾರೂ ಕೇಳಲಿಲ್ಲ. ಸುಲೈಮಾನ್ ತಲೆ ತಗ್ಗಿಸಿ ಕುಳಿತಿದ್ದ. ಅವನ ಎಡಗೈ ಅವಳ ಬುರ್ಖಾದ ಅಂಚನ್ನು ಹಿಡಿದುಕೊಂಡಿತ್ತು.