‘ನೋಡುವ’ ಅಂದವರ ಅಧ್ಯಾಯ

ಈಚೆಗೆ ನನ್ನ ವಿದ್ಯಾರ್ಥಿಗಳ ಇಂಗ್ಲಿಷು ನನ್ನದಕ್ಕಿಂತ ಚೆನ್ನಾಗಿದೆ. ಇದನ್ನು ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ, ಹೊಟ್ಟೆಯುರಿ ಮಾತ್ರ ಸ್ವಲ್ಪ ಇದೆ.

ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ನಾನು ವಾಣಿಜ್ಯದ ಮೇಷ್ಟ್ರು, ಪಿಎಚ್‌ಡಿ ಮಾಡುವವರಿಗೆ ಮಾರ್ಗದರ್ಶಕ. ಮಾರ್ಗದರ್ಶಕನೆಂದರೆ ಮಾರ್ಗ ಬಲ್ಲವನು ಎಂದು ಯಾರೂ ತಿಳಿಯಬಾರದು. ವಿದ್ಯಾರ್ಥಿ ದಾರಿ ತಪ್ಪಿದರೆ ಬೈಯಲು ಒಬ್ಬರು ಬೇಕಲ್ಲ, ಅದಕ್ಕಾಗಿ ವಿಶ್ವವಿದ್ಯಾಲಯ ಮಾಡಿಕೊಂಡ ಏರ್ಪಾಡು ಅದು. ಮೊದಲೆಲ್ಲ ಅಧ್ಯಾಯ ಬರೆದು ತರುವವರ ಮುಖ ಬಾಡಿರುತ್ತಿತ್ತು. ವಾಕ್ಯದಲ್ಲಿ ಕರ್ತೃ ಇದ್ದರೆ ಕ್ರಿಯಾಪದ ಇರುತ್ತಿರಲಿಲ್ಲ. ನಾನು ಕೆಂಪು ಶಾಯಿಯಲ್ಲಿ ಗೀಚಿ ಗೀಚಿ ನನ್ನ ಪಾಂಡಿತ್ಯವನ್ನು ನಾನೇ ಮೆಚ್ಚಿಕೊಳ್ಳುತ್ತಿದ್ದೆ. ಈಗ ಕೃತಕ ಬುದ್ಧಿಮತ್ತೆ ಬಂದು ಆ ಸುಖಕ್ಕೂ ಕಲ್ಲು ಬಿದ್ದಿದೆ. ಸಂಜೆ ವಿಷಯ ಕೊಟ್ಟರೆ ಬೆಳಗ್ಗೆ ಅಧ್ಯಾಯ ಸಿದ್ಧ. ಒಂದು ಅಲ್ಪವಿರಾಮ ಕೂಡ ಅಲ್ಲಾಡುವುದಿಲ್ಲ.

ಯಂತ್ರ ಬರೆದದ್ದನ್ನು ಹಿಡಿಯಲು ವಿಶ್ವವಿದ್ಯಾಲಯ ಇನ್ನೊಂದು ಯಂತ್ರ ತಂದಿತು. ಅದರ ಕಣ್ಣು ತಪ್ಪಿಸಲು ವಿದ್ಯಾರ್ಥಿಗಳು ಮೂರನೆಯದನ್ನು ಹುಡುಕಿಕೊಂಡರು. ಈ ಮೂರನೆಯದರ ಕೆಲಸ ಬರಹದಲ್ಲಿ ಅಲ್ಲಲ್ಲಿ ತಪ್ಪು ಸೇರಿಸಿ ಅದನ್ನು ಮನುಷ್ಯರದೆಂದು ಕಾಣಿಸುವುದು. ಹಿಂದೆ ನಮ್ಮ ಹುಡುಗರು ಸಹಜವಾಗಿ ಮಾಡುತ್ತಿದ್ದ ತಪ್ಪುಗಳನ್ನು ಈಗ ಕಷ್ಟಪಟ್ಟು ಹಾಕಿಸಿಕೊಳ್ಳಬೇಕು. ನಾನೂ ಸಾಚಾ ಅಲ್ಲ ಎನ್ನಿ. ಇನ್ನೂರು ಪುಟ ಓದುವ ಬದಲು ಸಾರಾಂಶ ಮಾಡಿಸಿಕೊಂಡು, ನನ್ನ ಟೀಕೆಯನ್ನೂ ಯಂತ್ರದಿಂದಲೇ ಬರೆಸಿ ಕಳುಹಿಸುತ್ತಿದ್ದೆ. ಅತ್ತಲಿಂದ ವಿನಯಪೂರ್ಣವಾದ ಉತ್ತರ ಬರುತ್ತಿತ್ತು. ಅವರ ಯಂತ್ರವೂ ನನ್ನ ಯಂತ್ರವೂ ಪರಸ್ಪರ ಬಹಳ ಗೌರವದಿಂದ ನಡೆದುಕೊಳ್ಳುತ್ತಿದ್ದವು. ನಡುವೆ ನಾವು ಮನುಷ್ಯರು ಚಹಾ ಕುಡಿದುಕೊಂಡಿದ್ದೆವು.

ಹೀಗೆ ಎಲ್ಲವೂ ಸುಗಮವಾಗಿದ್ದಾಗ ಸುಹಾನಾಳ ನಾಲ್ಕನೆಯ ಅಧ್ಯಾಯ ಬಂತು.

ಸುಹಾನಾ ಪಾಣೆಮಂಗಳೂರಿನ ಹುಡುಗಿ. ಅವಳ ತಂದೆಗೆ ಅಲ್ಲಿ ಪ್ಲಾಸ್ಟಿಕ್ ಸಾಮಾನಿನ ಅಂಗಡಿ. ಬಂಟ್ವಾಳದ ಒಂದು ಕಾಲೇಜಿನಲ್ಲಿ ಅವಳು ತಾತ್ಕಾಲಿಕ ಉಪನ್ಯಾಸಕಿ. ತಿಂಗಳ ಕೊನೆಯೊಳಗೆ ಪ್ರಬಂಧ ಸಲ್ಲಿಸಿದರೆ ಕೆಲಸ ಕಾಯಂ, ಇಲ್ಲವಾದರೆ ಆ ಜಾಗ ಬೇರೆಯವರಿಗೆ. ಅವಳ ವಿಷಯ, ಬಂಟ್ವಾಳ ಮತ್ತು ಬೆಳ್ತಂಗಡಿ ತಾಲೂಕಿನ ಸಣ್ಣ ವ್ಯಾಪಾರಿಗಳು ಆನ್‌ಲೈನ್ ಮಾರಾಟಕ್ಕೆ ಮನಸ್ಸು ಮಾಡುತ್ತಾರೆಯೇ ಎಂಬುದು. ಪಾಪ, ಬಿಸಿಲಲ್ಲಿ ಮಡಂತ್ಯಾರಿನವರೆಗೂ ಅಂಗಡಿ ಅಂಗಡಿ ಹತ್ತಿ ಇಳಿದು, ಪ್ರತಿಯೊಬ್ಬರ ಮಾತನ್ನೂ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡಿದ್ದಳು. ಆ ಬೆವರಂತೂ ನೂರಕ್ಕೆ ನೂರು ಅವಳದೇ. ಅದನ್ನೆಲ್ಲ ಕೇಳಿ ವಿಂಗಡಿಸುವ ಕೆಲಸವನ್ನು ಮಾತ್ರ ಯಂತ್ರಕ್ಕೆ ಒಪ್ಪಿಸಿದ್ದಳು.

ಯಂತ್ರ ಮೊದಲು ಎಡವಿದ್ದು ವ್ಯಾಪಾರಿಗಳು ಆಡಿದ ತುಳುವಿನಲ್ಲಿ. ತುಳುವಿನ ‘ತೂಕ’ ಎಂದರೆ ನೋಡುವ, ನೋಡೋಣ ಎಂದರ್ಥ. ಯಂತ್ರ ಅದನ್ನು ಕನ್ನಡದ ತೂಕ ಎಂದುಕೊಂಡು, ಈ ಭಾಗದ ವ್ಯಾಪಾರಿಗಳಿಗೆ ತೂಕ ಮತ್ತು ಅಳತೆಯ ಬಗ್ಗೆ ಅಪಾರ ಕಾಳಜಿ ಎಂದು ಮೂರು ಪುಟ ಬರೆದಿತ್ತು. ಬಟ್ಟೆ ಅಂಗಡಿಯವರಿಗೆ ಎಂಥ ತೂಕ ಎಂದು ಸುಹಾನಾಳೇ ನಕ್ಕು ಅದನ್ನು ತಿದ್ದಿದಳು. ‘ತೂಕ’ ಇದ್ದಲ್ಲೆಲ್ಲ ‘ನೋಡುವ’ ಎಂದು ಹಾಕಿದಳು. ಯಂತ್ರ ಕ್ಷಮೆ ಕೇಳಿ, ‘ನೋಡುವ’ ಅಂದವರನ್ನೆಲ್ಲ ಒಪ್ಪಿದವರ ಸಾಲಿಗೆ ಸೇರಿಸಿತು. ಮುಖ್ಯ ಫಲಿತಾಂಶ ಏನೆಂದರೆ, ಇಲ್ಲಿನ ವ್ಯಾಪಾರಿಗಳು ಆನ್‌ಲೈನ್ ಮಾರಾಟಕ್ಕೆ ತುದಿಗಾಲಲ್ಲಿ ನಿಂತಿದ್ದಾರೆ. ನಾನು ಸಾರಾಂಶ ಓದಿ ‘ಅತ್ಯುತ್ತಮ’ ಎಂದು ಬರೆದೆ.

ಮರುದಿನ ನರಿಕೊಂಬಿನ ನನ್ನ ಮನೆಯಲ್ಲಿ ಕುಳಿತು ಪೇಪರ್ ಓದುತ್ತಿದ್ದೆ. ಹೆಂಡತಿ ಕೇಳಿದಳು: “ಭಾನುವಾರ ಅಕ್ಕನ ಮನೆಗೆ ಹೋಗುವನಾ?”

“ನೋಡುವ,” ಅಂದೆ.

ಅವಳು ಕಪಾಟಿನಿಂದ ತೆಗೆದಿದ್ದ ಸೀರೆಯನ್ನು ಮಾತಿಲ್ಲದೆ ಒಳಗಿಟ್ಟು, ಫೋನಿನಲ್ಲಿ ಅಕ್ಕನಿಗೆ ಹೇಳಿದಳು: “ಇವರು ಬರುವುದಿಲ್ಲವಂತೆ.”

ನಾನು ಪೇಪರ್ ಮಡಚಿಟ್ಟೆ. ನಾನು ಎಲ್ಲಿ ಬರುವುದಿಲ್ಲ ಅಂದೆ? ಆದರೆ ಅವಳು ತಿಳಿದದ್ದೇ ಸರಿ. ನಮ್ಮ ಕಡೆ ಎದುರು ನಿಂತವರಿಗೆ ಯಾರೂ ‘ಇಲ್ಲ’ ಎನ್ನುವುದಿಲ್ಲ. ಮದುವೆಗೆ ಕರೆದರೂ ‘ನೋಡುವ’, ಸಂಘಕ್ಕೆ ಸೇರಿ ಎಂದರೂ ‘ನೋಡುವ’. ಮಾತು ಮುಗಿಯಿತು, ಮುಖವೂ ಕೆಡಲಿಲ್ಲ. ನಾನಂತೂ ಈ ಒಂದು ಪದದಿಂದಲೇ ಕಾಲೇಜಿನ ಎಷ್ಟೋ ಸಮಿತಿಗಳಿಂದ ಪಾರಾದವನು. ಅಂದಮೇಲೆ ಸುಹಾನಾಳ ಅಧ್ಯಾಯ ತಲೆಕೆಳಗಾಗಿದೆ. ತುದಿಗಾಲಲ್ಲಿ ನಿಂತವರೆಲ್ಲ ನಿಂತದ್ದು ಅವಳು ಅಂಗಡಿಯಿಂದ ಯಾವಾಗ ಇಳಿಯುತ್ತಾಳೆ ಎಂದು.

ಸುಮ್ಮನಿದ್ದುಬಿಡಬಹುದಿತ್ತು. ಪರೀಕ್ಷಕರು ದೂರದ ಊರಿನವರು, ಅವರಿಗೆ ‘ನೋಡುವ’ ಎಲ್ಲಿಂದ ಗೊತ್ತು? ಹುಡುಗಿಯ ಕೆಲಸವೂ ಉಳಿಯುತ್ತದೆ. ಹೀಗೆಲ್ಲ ಯೋಚಿಸುತ್ತಲೇ ಆ ರಾತ್ರಿ ಕಳೆಯಿತು. ಶನಿವಾರ ಪ್ರಬಂಧಕ್ಕೆ ನನ್ನ ಸಹಿ ಹಾಕಿಸಲು ಸುಹಾನಾ ಮನೆಗೇ ಬಂದಳು.

“ಸಾರ್, ಇವತ್ತು ಸಹಿ ಆಗ್ತದಲ್ಲ?”

“ಇಲ್ಲ,” ಅಂದೆ. ಇಷ್ಟು ವರ್ಷ ಯಾರ ಮುಖಕ್ಕೂ ಹೇಳದ ಪದ ಅದು.

ಹೆಂಡತಿ ತಂದ ಚಹಾ ಸುಹಾನಾಳ ಎದುರು ಆರುತ್ತಿರುವಾಗ ನಾನು ಸೀರೆಯ ಕಥೆ ಹೇಳಿ, ‘ನೋಡುವ’ ಅಂದರೆ ಇಲ್ಲ ಎಂದೇ ಅರ್ಥ, ಎಲ್ಲರನ್ನೂ ಒಪ್ಪದವರ ಸಾಲಿಗೆ ಹಾಕು, ತಡವಾದರೆ ಅವಧಿ ವಿಸ್ತರಿಸಲು ನಾನೇ ಬರೆಯುತ್ತೇನೆ ಎಂದೆ. ಅವಳ ಕೆಲಸ ಉಳಿಸುವುದು ಮಾತ್ರ ನನ್ನ ಕೈಯಲ್ಲಿರಲಿಲ್ಲ. ನನಗೆ ನನ್ನ ಮೇಲೇ ಸಿಟ್ಟು ಬಂದಿತ್ತು.

ಅವಳು ಪ್ರಬಂಧದ ಪುಟ ತಿರುವಿದಳು. ಆಮೇಲೆ ಕೇಳಿದಳು: “ಇಲ್ಲ ಅಂತಲೇ ಅರ್ಥವಾ ಸಾರ್?”

“ಮತ್ತೆಂಥದ್ದು?”

“ನಾನು ಪಿಎಚ್‌ಡಿ ಮಾಡ್ತೇನೆ ಅಂದಾಗ ತಂದೆ ಕೂಡ ನೋಡುವ ಅಂದಿದ್ದರು. ಬೇಡ ಅಂತಲೇ ಅರ್ಥ ಅಂತ ನನಗೆ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಮಾಡಿ ಮರುದಿನವೇ ಮೂಡುಬಿದಿರೆಗೆ ಹೊರಟೆ.”

“ತಂದೆ ಏನಂದರು?”

“ಏನೂ ಇಲ್ಲ. ಅಂಗಡಿಗೆ ಅರ್ಧ ಬಾಗಿಲು ಹಾಕಿ, ಸ್ಕೂಟರಿನಲ್ಲಿ ಬಸ್ಸಿನವರೆಗೆ ಬಿಟ್ಟು ಬಂದರು.”

ಯಂತ್ರ ಎಲ್ಲರನ್ನೂ ಒಂದು ಸಾಲಿಗೆ ಹಾಕಿತು, ನಾನು ಅಷ್ಟೇ ಜಾಣತನದಿಂದ ಎಲ್ಲರನ್ನೂ ಇನ್ನೊಂದಕ್ಕೆ ನೂಕಿದೆ. ನಾನು ಹೇಳುವ ‘ನೋಡುವ’ ಬಾಗಿಲು ಹಾಕುವ ಮಾತು. ಆ ಮನುಷ್ಯ ಹೇಳಿದ ‘ನೋಡುವ’ ಬಾಗಿಲನ್ನು ಚಿಲಕ ಹಾಕದೆ ಬಿಟ್ಟದ್ದು; ಮಗಳಿಗೆ ತಳ್ಳುವ ಧೈರ್ಯ ಇದೆಯೇ ಎಂದು ಕಾದದ್ದು. ಪದ ಒಂದೇ. ಯಾವುದು ಯಾವುದೆಂದು ತಿಳಿಯಲು ಮರುದಿನ ಆ ವ್ಯಕ್ತಿ ಏನು ಮಾಡಿದ ಎಂದು ಹೋಗಿ ನೋಡಬೇಕೇ ಹೊರತು ಬೇರೆ ದಾರಿಯಿಲ್ಲ.

ಸುಹಾನಾ ಆರಿದ ಚಹಾವನ್ನು ಒಂದೇ ಸಲಕ್ಕೆ ಕುಡಿದು ಎದ್ದಳು.

“ಹಾಗಾದರೆ ಎಲ್ಲ ಅಂಗಡಿಗೆ ಪುನಃ ಹೋಗಬೇಕು ಸಾರ್. ಕೆಲಸದ್ದು ಆದ ಹಾಗೆ ಆಗ್ತದೆ. ಈಗಲೇ ಪಾಣೆಮಂಗಳೂರಿನಿಂದ ಶುರು ಮಾಡ್ತೇನೆ. ನೀವೂ ಬರ್ತೀರಾ?”

ಹೊರಗೆ ಬಿಸಿಲು ಸುಡುತ್ತಿತ್ತು. ಅಭ್ಯಾಸಬಲದಿಂದ ಒಂದು ಪದ ನಾಲಿಗೆಯ ತುದಿಗೆ ಬಂತು. ಅದನ್ನು ಅಲ್ಲಿಯೇ ನುಂಗಿಕೊಂಡು ಚಪ್ಪಲಿ ಮೆಟ್ಟಿದೆ.