ನೆದ್ಯಾಲ್ಕಾಳ ಅಲುಗಿದ ಚಿತ್ರ

ಕಝನ್ಲಕ್ ಪೇಟೆಯಲ್ಲಿ ಫೋಟೋ ತೆಗೆಸಿಕೊಳ್ಳಲು ಬಂದವರಿಗೆಲ್ಲ ನೆದ್ಯಾಲ್ಕಾ ಹೇಳುತ್ತಿದ್ದುದು ಒಂದೇ ಮಾತು: ಬೇಕಾದರೆ ಉಸಿರಾಡಿ, ಉತ್ತರ ಮಾತ್ರ ಕೊಡಬೇಡಿ. ನಮ್ಮ ಜನ ಹೌದೆನ್ನಲು ತಲೆಯನ್ನು ಅಡ್ಡಡ್ಡ ಆಡಿಸುವವರು, ಅಲ್ಲವೆನ್ನಲು ಮೇಲಕ್ಕೆತ್ತುವವರು. ಬಾಯಿ ಬಿಗಿದರೂ ಕತ್ತು ಸುಮ್ಮನಿರದು. ಕ್ಯಾಮೆರಾದ ಮುಚ್ಚಳ ತೆಗೆದು ನಾಲ್ಕು ಎಣಿಸುವುದರೊಳಗೆ ಒಂದು ಹೌದು ಬಂದರೂ ಚಿತ್ರ ಮೂಡುವ ಗಾಜಿನ ಫಲಕ ಹಾಳು.

ಗಂಡ ಪೆಂಕೋ ತೀರಿಕೊಂಡು ಆರು ವರ್ಷವಾಗಿತ್ತು. ಅವನಿದ್ದಾಗಲೂ ಚಿತ್ರ ತೆಗೆಯುತ್ತಿದ್ದವಳು ಇವಳೇ. ಅವನು ಗಿರಾಕಿಗಳಿಗೆ ಕಾಫಿ ಕೊಟ್ಟು ಕಥೆ ಹೇಳುತ್ತಿದ್ದ. ಒಳ್ಳೆಯ ಮನುಷ್ಯ. ಆದರೂ ಬಾಗಿಲ ಮೇಲಿನ ಹಲಗೆಯಲ್ಲಿ ಇನ್ನೂ ಅವನ ಹೆಸರೇ ಇತ್ತು. ಕಟ್ಟಡ ಪೆಂಕೋನ ಅಣ್ಣ, ಭಾವ ರಾದ್ಕೋನದು. ಹೆಂಗಸಿನ ಹೆಸರು ಹಾಕಿದರೆ ಊರು ನಗುತ್ತದೆ, ಪ್ಲೋವ್ದಿವ್ ನಗರದ ಫೋಟೋ ಪ್ರದರ್ಶನದಲ್ಲಿ ನಿನ್ನ ಚಿತ್ರ ಗೋಡೆ ಏರಲಿ, ಆಮೇಲೆ ನೋಡೋಣ ಎಂದು ಅವನು ಮಾತು ತೇಲಿಸಿದ್ದ. ನೆದ್ಯಾಲ್ಕಾಳಿಗೆ ಆ ಹಲಗೆಯ ಮೇಲೆ ತನ್ನ ಹೆಸರು ಬೇಕೇ ಬೇಕಿತ್ತು.

ಮೇ ತಿಂಗಳ ಒಂದು ಬೆಳಿಗ್ಗೆ ಅವಳು ಪ್ರದರ್ಶನದ ಚಿತ್ರಕ್ಕೆಂದು ಗುಲಾಬಿ ತೋಟದಿಂದ ತ್ಸೋನಾ ಅಜ್ಜಿಯನ್ನು ಹೂ ಕೊಯ್ಯುತ್ತಿದ್ದ ಬಟ್ಟೆಯಲ್ಲೇ ಕರೆತಂದು ಕೂರಿಸಿದಳು. ಮುಚ್ಚಳ ತೆಗೆದು ಎರಡು ಎಣಿಸುವಷ್ಟರಲ್ಲಿ ಅಜ್ಜಿಯ ಮಡಿಲ ಹೂವಿನಿಂದ ಜೇನುನೊಣವೊಂದು ಎದ್ದು ಕೈಮೇಲೆ ಕೂತಿತು. ಇಪ್ಪತ್ತು ವರ್ಷದ ನಿಯಮವನ್ನು ನೆದ್ಯಾಲ್ಕಾ ತಾನೇ ಮರೆತಳು.

“ಅಜ್ಜೀ, ಕಚ್ಚಿಬಿಡ್ತಾ?”

ಕಚ್ಚಿತ್ತು. ಅಜ್ಜಿ ತಲೆ ಅಡ್ಡಡ್ಡ ಆಡಿಸಿದಳು. ಕೈ ಮಾತ್ರ ಎಳೆದುಕೊಳ್ಳಲಿಲ್ಲ, ಅಲುಗಬೇಡ ಎಂದಿದ್ದಳಲ್ಲ ನೆದ್ಯಾಲ್ಕಾ.

ಫಲಕ ತೊಳೆದು ನೋಡಿದರೆ ಕೈಗಳು, ಮುಳ್ಳಿನ ಗೀರುಗಳು, ಹೂವಿನ ಎಸಳು ಎಲ್ಲ ಕಣ್ಣಿಗೆ ಕಟ್ಟುವಂತಿದ್ದವು. ಮುಖ ಬರೀ ಮಂಜು. ಮುಖವಿಲ್ಲದ್ದನ್ನು ಕಳಿಸಿ ಮನೆಯ ಮರ್ಯಾದೆ ಕಳೆಯಬೇಡ ಎಂದ ರಾದ್ಕೋ. ನೆದ್ಯಾಲ್ಕಾ ಅದನ್ನು ಒಯ್ದು ಅಜ್ಜಿಗೇ ತೋರಿಸಿದಳು.

“ಬೇರೆ ಫೋಟೋದಲ್ಲೆಲ್ಲ ನಾನು ಮಲಗಿಸಿದ ಹೆಣದ ಥರ ಇದೀನಿ ಕಣೇ,” ಎಂದಳು ಅಜ್ಜಿ. “ಇದ್ರಲ್ಲಿ ನಿನ್ ಜೊತೆ ಮಾತಾಡ್ತಾ ಇದೀನಿ. ಇದನ್ನೇ ಕಳ್ಸು.”

ಕಳಿಸಿದಳು. ಚಿತ್ರ ಗೋಡೆಯ ನಟ್ಟನಡುವೆ ಏರಿತು. ಮರುವರ್ಷ ಪ್ಲೋವ್ದಿವಿನ ಫೋಟೋ ತೆಗೆಯುವ ಗಂಡಸರು ಬೇಕೆಂದೇ ಗಿರಾಕಿಗಳ ತಲೆ ಅಲ್ಲಾಡಿಸಿ ಚಿತ್ರ ತೆಗೆದರಂತೆ. ಅವರ ಹತ್ತಿರ ಜೇನುನೊಣ ಎಲ್ಲಿತ್ತು, ಪಾಪ.

ರಾದ್ಕೋ ಮಾತ್ರ ಹಲಗೆಯ ಮಾತೆತ್ತಲಿಲ್ಲ. ಅವನು ಕದ್ದು ರೈಲು ಹತ್ತಿ ಹೋಗಿ ಚಿತ್ರ ನೋಡಿದ್ದು, ಪಕ್ಕದಲ್ಲಿದ್ದವರಿಗೆಲ್ಲ ಇದನ್ನು ತೆಗೆದವಳು ನಮ್ಮ ಮನೆಯವಳು ಎಂದಿದ್ದು ಊರಿಗೇ ಗೊತ್ತಿತ್ತು. ನೆದ್ಯಾಲ್ಕಾ ಅವನನ್ನು ಹಬ್ಬಕ್ಕೊಂದು ಫೋಟೋ ಎಂದು ಕರೆದಳು. ಅವನು ಮೀಸೆಗೆ ಎಣ್ಣೆ ಹಚ್ಚಿ ಬಂದು ಕೂತ. ಅವಳು ಮುಚ್ಚಳ ತೆಗೆದಳು, ಎರಡು ಎಣಿಸಿದಳು.

“ಭಾವ, ಹಲಗೆ ಮೇಲೆ ನನ್ ಹೆಸ್ರು ಬರೆಸ್ಲಾ?”

ಹೊಸ ಹಲಗೆಯ ಕೆಳಗಿನ ಗಾಜಿನ ಕಿಟಕಿಯಲ್ಲಿ ಆ ಚಿತ್ರ ಇವತ್ತಿಗೂ ಇದೆ. ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಎಣಿಸಬಹುದು. ಮೀಸೆ ಮಾತ್ರ ಈ ಕಿವಿಯಿಂದ ಆ ಕಿವಿಯವರೆಗೂ ಹರಡಿದೆ.