ಹುಲ್ಲಕ್ಕ ಬಗ್ಗಿ ನೋಡಿದ ಏಳನೇ ಚೌಕ

ಹುಲ್ಲುಗಾವಲು ಸಂರಕ್ಷಣಾ ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಆಕೆ ಹುಲ್ಲಕ್ಕ. ಇಪ್ಪತ್ತೆರಡು ವರ್ಷಗಳಿಂದ ಒಂದೇ ಇಳಿಜಾರನ್ನು ತುಳಿದವಳು. ಯಾವ ಹುಲ್ಲು ಎಲ್ಲಿದೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾಳೆ ಎಂಬುದು ಕಚೇರಿಯ ಹೆಮ್ಮೆ. ಎಡವಟ್ಟಾದದ್ದೂ ಅಲ್ಲಿಯೇ.

ಪ್ರತಿ ಬೇಸಿಗೆಯಲ್ಲಿ ಕಾಲೇಜಿನಿಂದ ಒಬ್ಬರು ಆಕೆಯ ಕೈಕೆಳಗೆ ಇಂಟರ್ನ್‌ಶಿಪ್‌ಗೆ ಬರುತ್ತಾರೆ. ಬಂದವರ ಮೊಬೈಲು ಮೊದಲ ದಿನವೇ ಮೇಜಿನ ಡ್ರಾಯರ್ ಸೇರುತ್ತದೆ. ಕೈಗೆ ಪೆನ್ಸಿಲು, ಭೂತಗನ್ನಡಿ ಸಿಗುತ್ತವೆ. ಮಧ್ಯಾಹ್ನ ಹುಲ್ಲಕ್ಕನ ಡಬ್ಬಿಯಲ್ಲಿ ಅರ್ಧ ಪಾಲು, ಬೇಡವೆಂದರೂ ಬಿಡುವಂತಿಲ್ಲ. ಈ ಸಲ ಬಂದ ಹುಡುಗಿಗೆ ಮಾತು ಕಡಿಮೆ, ಕಣ್ಣು ಚುರುಕು. ವಾರದೊಳಗೆ ಅವಳು ಹುಲ್ಲಕ್ಕನ ಬಾಯಲ್ಲಿ 'ಮರಿ' ಆಗಿಬಿಟ್ಟಳು.

ಕೆಲಸ ಇಷ್ಟೇ: ಇಳಿಜಾರಿನಲ್ಲಿ ಗೂಟ ನೆಟ್ಟು ಗುರುತು ಮಾಡಿದ ಹನ್ನೆರಡು ಚೌಕಗಳಲ್ಲಿ ಆ ನೆಲದ ಮೂಲ ಹುಲ್ಲು ಉಳಿದಿದೆಯೋ ಇಲ್ಲವೋ ಬರೆಯುವುದು. ಇಲ್ಲವೆಂದ ಕಡೆ ಮಳೆಗೆ ಮುಂಚೆ ಬೀಜ ಚೆಲ್ಲುತ್ತಾರೆ. ಇದೆ ಎಂದ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಹುಲ್ಲಕ್ಕ ನಡೆಯುತ್ತಲೇ, "ಒಂದು, ಇದೆ. ಎರಡು, ಇದೆ. ಬರ್ಕೋ," ಎನ್ನುತ್ತ ಹನ್ನೆರಡನ್ನೂ ಮುಗಿಸಿದಳು.

ನಾಲ್ಕು ದಿನ ಕಳೆದು, ಪಟ್ಟಿಯನ್ನು ಮೇಲಿನ ಕಚೇರಿಗೆ ಕಳಿಸುವ ಬೆಳಗ್ಗೆ, ಮರಿ ಎರಡು ಹಾಳೆ ಹಿಡಿದು ಬಂದು ನಿಂತಳು.

"ಅಕ್ಕ, ಇದು ನೀವು ಹೇಳಿದ್ದು. ಇದು ನಾನು ಅವತ್ತೇ ಸಂಜೆ ಹೋಗಿ ಕೂತು ನೋಡಿದ್ದು. ಏಳನೇ ಚೌಕದಲ್ಲಿ ಆ ಹುಲ್ಲಿಲ್ಲ."

"ನೀನು ಹುಟ್ಟೋಕೆ ಮುಂಚಿಂದ ಅಲ್ಲಿದೆ ಕಣೇ."

"ಇತ್ತೇನೋ, ಅಕ್ಕ."

ಹುಲ್ಲಕ್ಕನಿಗೆ ಮೈಯೆಲ್ಲ ಉರಿಯಿತು. ನಿನ್ನೆ ಮೊನ್ನೆ ಬಂದವಳು ತನಗೆ ಹುಲ್ಲು ತೋರಿಸುವುದೇ? ಆದರೂ ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಏಳನೇ ಚೌಕದಲ್ಲಿ ಮಂಡಿಯೂರಿ, ಎಲೆ ಕಾಂಡಕ್ಕೆ ಸೇರುವ ಜಾಗವನ್ನು ಬೆರಳಿನಿಂದ ಸವರಿದಳು. ಮೂಲ ಹುಲ್ಲಿಗೆ ಅಲ್ಲಿ ಸಣ್ಣ ರೋಮವಿರುತ್ತದೆ. ಇದು ನುಣ್ಣಗಿತ್ತು. ಇನ್ನೊಂದು ಬುಡ, ಮತ್ತೊಂದು ಬುಡ, ಎಲ್ಲವೂ ನುಣ್ಣಗೆ. ನೋಡಲು ತದ್ರೂಪವಾದ ಹೊರಗಿನ ಕಳೆ. ತಾನು ವರ್ಷವರ್ಷವೂ 'ಇದೆ' ಎಂದು ಬರೆಸುತ್ತಿದ್ದಾಗ, ತಾನು ಪ್ರಾಣವನ್ನೇ ಇಟ್ಟುಕೊಂಡಿದ್ದ ಹುಲ್ಲು ಸದ್ದಿಲ್ಲದೆ ಹೋಗಿಬಿಟ್ಟಿತ್ತು. ಅವಳಿಗೆ ಅಳು ಬಂತು.

"ಮಂಡಿ ನೋವು ಅಂತ ಬಗ್ಗೋದೇ ಬಿಟ್ಟಿದ್ದೆ ಮರಿ. ಯಾರಿಗೂ ಹೇಳಿರ್ಲಿಲ್ಲ."

ಮರಿ ಕೈ ಕೊಟ್ಟು ಎಬ್ಬಿಸಿದಳು.

ಅಂದು ಮೇಲಿನ ಕಚೇರಿಗೆ ಹೋದದ್ದು ಮರಿಯ ಹಾಳೆ. ಹಿಂದಿನ ವರ್ಷಗಳ ನನ್ನ ಪಟ್ಟಿಗಳನ್ನು ನಂಬಬೇಡಿ, ಬೇಗ ಬೀಜ ಕಳಿಸಿ ಎಂದು ಹುಲ್ಲಕ್ಕ ಅದರ ಕೆಳಗೆ ಬರೆದು ಸಹಿ ಹಾಕಿದಳು. ಬೀಜ ಬಂತು. ಚೆಲ್ಲಿದವರು ಇಬ್ಬರೂ.

ಇಂಟರ್ನ್‌ಶಿಪ್ ಮುಗಿದಾಗ ಕಾಲೇಜಿನ ನಮೂನೆ ತುಂಬಬೇಕಾಯಿತು. ಹುಡುಗಿಯ ಗುಣಗಳನ್ನು ಬರೆಯಲು ಕೊಟ್ಟ ಜಾಗ ಸಾಲದೆ ಹುಲ್ಲಕ್ಕ ಅಂಚಿನಲ್ಲೆಲ್ಲ ಬರೆದಳು. 'ತಿದ್ದಿಕೊಳ್ಳಬೇಕಾದದ್ದು' ಎಂಬಲ್ಲಿಗೆ ಬಂದಾಗ ಹೀಗೆ ಬರೆದಳು: "ನನ್ನ ತಪ್ಪನ್ನು ನನಗೆ ಹೇಳಲು ನಾಲ್ಕು ದಿನ ಹೆದರಿದ್ದಳು. ಇದನ್ನು ತಿದ್ದಿಕೊಳ್ಳಬೇಕಾದವಳು ನಾನು."